ಶಾರ್ಟ್ ಸೇಲ್ ಸಂಧಾನ: ಫೀಸು ಯಾರಿಂದ, ಯಾವಾಗ, ಯಾವ ಕಾಗದದಲ್ಲಿ?

ಅಮೆರಿಕದಲ್ಲಿ ಮನೆಯ ಮೇಲಿನ ಸಾಲ ಮನೆಯ ಬೆಲೆಯನ್ನೇ ಮೀರಿದಾಗ, ಬಾಕಿಗಿಂತ ಕಡಿಮೆ ಹಣಕ್ಕೆ ಮಾರಲು ಬ್ಯಾಂಕ್ ಒಪ್ಪಿ ಅಡಮಾನ ಬಿಟ್ಟುಕೊಡುವುದುಂಟು. ಇದೇ ಶಾರ್ಟ್ ಸೇಲ್. ಆ ಒಪ್ಪಿಗೆ ಸುಮ್ಮನೆ ಸಿಗುವುದಿಲ್ಲ. ಯಾರಾದರೂ ತಿಂಗಳುಗಟ್ಟಲೆ ಬ್ಯಾಂಕಿನ ಬೆನ್ನು ಹತ್ತಬೇಕು. ಹೀಗೆ ಬೆನ್ನು ಹತ್ತುವವರ ಕೂಲಿಯ ಬಗ್ಗೆ ಅಲ್ಲಿನ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಸರ್, ನನ್ನ ಹತ್ತಿರ ಮನೆ ಮಾರಾಟದ ಸೇಲ್ಸ್‌ಪರ್ಸನ್ ಲೈಸೆನ್ಸ್ ಇದೆ. ಬೇರೆ ಏಜೆಂಟರ ಶಾರ್ಟ್ ಸೇಲ್‌ಗಳಿಗೆ ಬ್ಯಾಂಕಿನ ಜೊತೆ ನಾನು ಮಾತಾಡಿಕೊಡುತ್ತೇನೆ. ಆರು ತಿಂಗಳು ಫೋನ್ ಹಿಡಿದು ಕೂತ ಮೇಲೆ ಕೊನೆಗೆ "ನೋಡೋಣ, ಏನಾದರೂ ಕೊಡೋಣ" ಅನ್ನುತ್ತಾರೆ. ಫೀಸು ಖಾತ್ರಿಯಾಗಿ ಬರಬೇಕಾದರೆ ಏನು ಮಾಡಬೇಕು?
— ಓದುಗರು, ಕ್ಯಾಲಿಫೋರ್ನಿಯಾ

ಉತ್ತರ: ಮೇಡಂ, ನಿಮ್ಮ ಫೀಸು ಬರಬಹುದಾದ ಜೇಬುಗಳು ಮೂರೇ. ಮಾರಾಟದ ಹಣ, ಮಾರುವವರ ಪರವಾದ ಲಿಸ್ಟಿಂಗ್ ಬ್ರೋಕರ್‌ನ ಕಮಿಷನ್, ಇಲ್ಲವೇ ಕೊಳ್ಳುವವರು.

ಮೊದಲನೆಯದರ ಆಸೆ ಬಿಟ್ಟುಬಿಡಿ. ಶಾರ್ಟ್ ಸೇಲ್‌ನಲ್ಲಿ ಮಾರುವವರ ಕೈಗೆ ಉಳಿಯುವುದು ಏನೂ ಇಲ್ಲ, ಹಾಗಾಗಿ ಅವರ ಲೆಕ್ಕದಲ್ಲಿ ಹೋಗುವ ಪ್ರತಿ ಡಾಲರೂ ಬ್ಯಾಂಕಿನ ಪಾಲಿನಿಂದಲೇ ಹೋಗುತ್ತದೆ. ಒಂದು ಲೆಕ್ಕ ನೋಡಿ. ಸಾಲದ ಬಾಕಿ 4,20,000 ಡಾಲರ್, ಒಪ್ಪಂದದ ಬೆಲೆ 3,40,000. ಬ್ಯಾಂಕ್ ತಾನೇ ತರಿಸಿಕೊಂಡ ಬೆಲೆ ಅಂದಾಜು, ಅಂದರೆ ಬಿಪಿಒ, 3,45,000 ಎಂದಿಟ್ಟುಕೊಳ್ಳಿ. ಆ ಅಂದಾಜಿನ ಶೇ. 88ರಷ್ಟಾದರೂ ಕೈಗೆ ಬರಬೇಕು ಎಂಬುದು ಬ್ಯಾಂಕಿನ ಗೆರೆಯಾದರೆ ಅದು 3,03,600. ಈಗ ಕಳೆಯುತ್ತಾ ಬನ್ನಿ: ಶೇ. 6 ಕಮಿಷನ್ 20,400, ಟೈಟಲ್ (ಮಾಲೀಕತ್ವದ ದಾಖಲೆ) ಮತ್ತು ವರ್ಗಾವಣೆ ಖರ್ಚು 4,100, ಬಾಕಿ ಆಸ್ತಿ ತೆರಿಗೆ 3,500, ಮನೆ ಮಾಲೀಕರ ಸಂಘದ (ಎಚ್‌ಒಎ) ಬಾಕಿ 2,000, ಎರಡನೇ ಸಾಲದವರಿಗೆ 6,000. ಒಟ್ಟು 36,000 ಹೋಗಿ ಬ್ಯಾಂಕಿಗೆ ಉಳಿಯುವುದು 3,04,000. ಗೆರೆಗಿಂತ ಬರೀ 400 ಡಾಲರ್ ಮೇಲೆ. ಇದೇ ಹಾಳೆಯಲ್ಲಿ "ಸಂಧಾನ ಫೀಸು ಶೇ. 1" ಎಂದು 3,400 ಸೇರಿಸಿದ ತಕ್ಷಣ ಉಳಿಯುವುದು 3,00,600, ಗೆರೆಗಿಂತ 3,000 ಕೆಳಗೆ. ಫೈಲ್ ವಾಪಸ್. ಬ್ಯಾಂಕಿನ ಕಡೆಯವರಿಗೆ ನಿಮ್ಮ ಮೇಲೆ ಹಗೆಯೇನಿಲ್ಲ, ಅವರ ಕಂಪ್ಯೂಟರ್ ಅಷ್ಟು ಕಡಿಮೆ ಮೊತ್ತವನ್ನು ಒಪ್ಪುವುದಿಲ್ಲ ಅಷ್ಟೇ. ಸಾಲಕ್ಕೆ ಸರ್ಕಾರಿ ವಸತಿ ಸಂಸ್ಥೆಯಾದ ಎಫ್‌ಎಚ್‌ಎ ವಿಮೆ ಇದ್ದರಂತೂ ಮಾತೇ ಬೇಡ. ವಾಡಿಕೆಯ ಕಮಿಷನ್ ಬಿಟ್ಟು, ಸಂಧಾನಕ್ಕೆಂದು ಮೂರನೆಯವರಿಗೆ ಕೊಡುವ ಫೀಸನ್ನು ಮಾರಾಟದ ಹಣದಿಂದ ಕಳೆಯಲು ಅವರ ನಿಯಮವೇ ಬಿಡುವುದಿಲ್ಲ.

ನಿಮಗೆ ಸರಿಹೊಂದುವುದು ಎರಡನೇ ದಾರಿ. ಲಿಸ್ಟಿಂಗ್ ಬ್ರೋಕರ್‌ಗೆ ಬರುವ ಕಮಿಷನ್‌ನಲ್ಲಿ ನಿಮ್ಮ ಬ್ರೋಕರ್‌ಗೆ ಒಂದು ಪಾಲು, ಅವರಿಂದ ನಿಮಗೆ. ಸೇಲ್ಸ್‌ಪರ್ಸನ್ ಆಗಿ ನೀವು ಇನ್ನೊಬ್ಬ ಏಜೆಂಟರಿಂದಾಗಲಿ, ಮಾರಾಟದ ಹಣ ಹಿಡಿದಿಟ್ಟು ಹಂಚುವ ಎಸ್ಕ್ರೋದಿಂದಾಗಲಿ ನೇರವಾಗಿ ಹಣ ತೆಗೆದುಕೊಳ್ಳುವಂತಿಲ್ಲ. ಯಾವ ಬ್ರೋಕರ್‌ನ ಕೈಕೆಳಗೆ ನಿಮ್ಮ ಲೈಸೆನ್ಸ್ ಇದೆಯೋ ಅವರ ಮೂಲಕವೇ ಬರಬೇಕು. ನಿಮ್ಮ ಗೆಳತಿಯೇ ಲಿಸ್ಟಿಂಗ್ ಏಜೆಂಟ್ ಆಗಿದ್ದು "ನಾನೇ ಚೆಕ್ ಬರೆದುಕೊಡುತ್ತೇನೆ" ಅಂದರೂ ಬೇಡ ಎನ್ನಿ, ಹೋಗುವುದು ನಿಮ್ಮಿಬ್ಬರ ಲೈಸೆನ್ಸ್.

ಬ್ಯಾಂಕಿಗೆ ಮೊದಲ ಕಾಗದ ಹೋಗುವ ಮುಂಚೆಯೇ ಬ್ರೋಕರ್-ಬ್ರೋಕರ್ ನಡುವೆ ಒಂದು ಪುಟದ ಒಪ್ಪಂದ ಆಗಲಿ. ಆಸ್ತಿಯ ವಿಳಾಸ ಮತ್ತು ಮೊತ್ತ ಬರೆದು ನಿಲ್ಲಿಸಬೇಡಿ. ಹೆಚ್ಚಿನ ಜಗಳ ಹುಟ್ಟುವುದು ಬ್ಯಾಂಕ್ ಕಮಿಷನ್ ಕಡಿದಾಗ. ಶೇ. 6 ಕೇಳಿದ್ದು ಶೇ. 5ಕ್ಕೆ ಇಳಿದರೆ ಮೇಲಿನ ಲೆಕ್ಕದಲ್ಲಿ 3,400 ಹಾರಿಹೋಯಿತು. ಆ ನಷ್ಟ ಯಾರ ತಲೆಗೆ? ನಿಮ್ಮದು ನಿಗದಿತ ಮೊತ್ತವೇ, ಅಥವಾ ಲಿಸ್ಟಿಂಗ್ ಕಡೆಗೆ ನಿಜವಾಗಿ ಬಂದದ್ದರಲ್ಲಿ ಶೇಕಡಾವಾರೇ ಎಂಬುದು ಬಾಯಿಮಾತಲ್ಲಿ ಉಳಿಯಬಾರದು. ಪೂರ್ತಿ ಕಮಿಷನ್‌ನ ಅರ್ಧವಾದ ಲಿಸ್ಟಿಂಗ್ ಪಾಲು 10,200 ಇದ್ದಾಗ ಶೇ. 30 ಎಂದರೆ 3,060. ಅದೇ ಪಾಲು 8,500ಕ್ಕೆ ಇಳಿದರೆ 2,550. ಈ ಎರಡೂ ಅಂಕಿಗಳನ್ನು ಉದಾಹರಣೆಯಾಗಿ ಒಪ್ಪಂದದಲ್ಲೇ ಬರೆದುಬಿಡಿ, ಆಮೇಲೆ ವಾದಕ್ಕೆ ಜಾಗವಿರುವುದಿಲ್ಲ.

ಆಮೇಲೆ ಮರೆಯುವ ಇನ್ನೊಂದು ಕಾಗದ: ಕಮಿಷನ್ ಹಂಚಿಕೆಯ ಸೂಚನೆ. ನಿಮ್ಮ ಬ್ರೋಕರ್‌ನ ಹೆಸರು, ಲೈಸೆನ್ಸ್ ಸಂಖ್ಯೆ, ಮೊತ್ತ ಇವಿಷ್ಟೂ ಎಸ್ಕ್ರೋ ಫೈಲ್‌ನಲ್ಲಿ ಇರಬೇಕು, ಲಿಸ್ಟಿಂಗ್ ಬ್ರೋಕರ್‌ನ ಸಹಿಯೊಂದಿಗೆ. ಇಲ್ಲದಿದ್ದರೆ ಕ್ಲೋಸಿಂಗ್ ದಿನ, ಅಂದರೆ ಮಾರಾಟ ಮುಗಿದು ಹಣ ಕೈಬದಲಾಗುವ ದಿನ, ಪೂರ್ತಿ ಕಮಿಷನ್ ಅವರ ಖಾತೆಗೆ ಹೋಗುತ್ತದೆ, ನೀವು ಅವರ ಹಿಂದೆ ಅಲೆಯಬೇಕಾಗುತ್ತದೆ.

ಪ್ರಶ್ನೆ: ನನಗೆ ಲೈಸೆನ್ಸ್ ಇಲ್ಲ. ಆದರೆ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದರಿಂದ ಒಳಗಿನ ವಿಷಯ ಚೆನ್ನಾಗಿ ಗೊತ್ತು. ಪರಿಚಯದವರೊಬ್ಬರು 3,000 ಡಾಲರ್ ಕೊಡುತ್ತೇವೆ, ಬ್ಯಾಂಕಿನ ಜೊತೆ ಮಾತಾಡಿಕೊಡಿ ಎನ್ನುತ್ತಿದ್ದಾರೆ. ಅರ್ಧ ಮುಂಗಡ ತೆಗೆದುಕೊಳ್ಳಬಹುದೇ?
— ಓದುಗರು, ಫ್ಲಾರಿಡಾ

ಉತ್ತರ: ತೆಗೆದುಕೊಳ್ಳಬೇಡಿ. ಅರ್ಧವಲ್ಲ, ಒಂದು ಡಾಲರೂ ಬೇಡ.

ಫೆಡರಲ್ ಟ್ರೇಡ್ ಕಮಿಷನ್ (ಎಫ್‌ಟಿಸಿ) 2010ರ ನವೆಂಬರ್‌ನಲ್ಲಿ, ಅಡಮಾನ ಸಾಲಗಾರರಿಗೆ ಹಣಕ್ಕೆ ನೆರವು ನೀಡುವವರ ಮೇಲೆ ಮಾರ್ಸ್ ಎಂಬ ನಿಯಮ ತಂದಿತು. ಮುಂಗಡ ಫೀಸಿನ ಮೇಲಿನ ನಿಷೇಧ 2011ರ ಜನವರಿ 31ರಿಂದ ಜಾರಿಗೆ ಬಂತು. ಈಗ ಅದು ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋದ ರೆಗ್ಯುಲೇಷನ್ ಒ. ಸಾಲದ ಕಂತು ಬದಲಿಸಿಕೊಡುವವರಿಗಷ್ಟೇ ಇದು ಅನ್ವಯ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಶಾರ್ಟ್ ಸೇಲ್ ಸಂಧಾನವೂ ಅದರೊಳಗೇ ಬರುತ್ತದೆ. ಬ್ಯಾಂಕ್ ಲಿಖಿತವಾಗಿ ಕೊಟ್ಟ ಪ್ರಸ್ತಾಪವನ್ನು ಸಾಲ ಹೊತ್ತ ಮನೆಯವರಿಗೆ ತೋರಿಸಬೇಕು, ಒಪ್ಪುವುದೂ ಬಿಡುವುದೂ ಅವರ ಇಷ್ಟ ಎಂದು ಬರೆದು ತಿಳಿಸಬೇಕು, ಅವರು ಬ್ಯಾಂಕಿನ ಜೊತೆ ಒಪ್ಪಂದಕ್ಕೆ ಸಹಿ ಹಾಕಬೇಕು. ಅದಾದ ಮೇಲೆಯೇ ಫೀಸು ಕೇಳುವ ಹಕ್ಕು. ಅಷ್ಟೇ ಅಲ್ಲ. ನಿಮಗೂ ಸರ್ಕಾರಕ್ಕೂ ಸಂಬಂಧವಿಲ್ಲ, ನಿಮ್ಮ ಸೇವೆಗೆ ಸರ್ಕಾರವಾಗಲಿ ಬ್ಯಾಂಕಾಗಲಿ ಮಂಜೂರಾತಿ ಕೊಟ್ಟಿಲ್ಲ, ಬ್ಯಾಂಕ್ ಒಪ್ಪದೇ ಹೋಗಬಹುದು ಎಂದು ಮೊದಲೇ ಸ್ಪಷ್ಟವಾಗಿ ಹೇಳಬೇಕು. "ಬ್ಯಾಂಕಿನ ಫೋನ್ ಎತ್ತಬೇಡಿ, ಎಲ್ಲ ನಾನೇ ನೋಡಿಕೊಳ್ಳುತ್ತೇನೆ" ಎಂಬ ಮಾತೂ ನಿಷಿದ್ಧ. ಒಳ್ಳೆಯ ಮನಸ್ಸಿನಿಂದ ಹೇಳಿದರೂ ಅಷ್ಟೇ.

ಲೈಸೆನ್ಸ್ ಇರುವ ಏಜೆಂಟರಿಗೆ ಇಲ್ಲಿ ಸ್ವಲ್ಪ ಸಡಿಲಿಕೆ ಇದೆ. ರಾಜ್ಯದ ಕಾನೂನು ಪಾಲಿಸುತ್ತಾ ಶಾರ್ಟ್ ಸೇಲ್ ಮಾಡಿಸುವ ಏಜೆಂಟರ ಮೇಲೆ ಈ ನಿಯಮದ ಬಹುಭಾಗವನ್ನು ಜಾರಿ ಮಾಡುವುದಿಲ್ಲ ಎಂದು ಎಫ್‌ಟಿಸಿ 2011ರ ಜುಲೈನಲ್ಲಿ ಪ್ರಕಟಿಸಿತು. ಸುಳ್ಳು ಭರವಸೆ ಕೊಡಬಾರದು ಎಂಬ ಭಾಗ ಅವರಿಗೂ ತಪ್ಪಿದ್ದಲ್ಲ. ಆ ಸಡಿಲಿಕೆ ನಿಮಗೆ ಸಿಗುವುದಿಲ್ಲ.

ನಿಮ್ಮ ರಾಜ್ಯದ ಕಾನೂನೂ ಬೇರೆ ಇದೆ. ಸಾಲಕ್ಕಾಗಿ ಮನೆ ಹರಾಜು ಹಾಕುವ ಫೋರ್‌ಕ್ಲೋಷರ್‌ನಿಂದ ಪಾರು ಮಾಡುತ್ತೇವೆ ಎನ್ನುವವರು ಹೇಳಿದ ಸೇವೆಯನ್ನೆಲ್ಲ ಮುಗಿಸುವ ಮುನ್ನ ಮನೆಯವರಿಂದ ಹಣ ಪಡೆಯುವುದನ್ನು ಫ್ಲಾರಿಡಾ 2008ರ ಅಕ್ಟೋಬರ್‌ನಿಂದಲೇ ತಡೆದಿದೆ. ಇನ್ನು ಲೈಸೆನ್ಸ್ ಪ್ರಶ್ನೆ. ಬೇರೊಬ್ಬರ ಮನೆ ಮಾರಾಟದ ಷರತ್ತುಗಳನ್ನು ಹಣಕ್ಕಾಗಿ ಮಾತಾಡಿ ಕುದುರಿಸುವುದನ್ನು ಎಷ್ಟೋ ರಾಜ್ಯಗಳು ಬ್ರೋಕರ್ ಕೆಲಸ ಎಂದೇ ನೋಡುತ್ತವೆ. ಎಲ್‌ಎಲ್‌ಸಿ ಕಂಪನಿ ಮಾಡಿಕೊಂಡರೂ, "ಸಲಹೆಗಾರ" ಎಂದು ಹೆಸರಿಟ್ಟುಕೊಂಡರೂ ಅದು ತಪ್ಪುವುದಿಲ್ಲ. ನಿಮ್ಮ ಅನುಭವ ನಿಜಕ್ಕೂ ಬೆಲೆಯುಳ್ಳದ್ದು. ಲೈಸೆನ್ಸ್ ತೆಗೆದುಕೊಂಡು ಒಬ್ಬ ಬ್ರೋಕರ್‌ನ ಕೈಕೆಳಗೆ ಅದನ್ನೇ ಮಾಡಿದರೆ ಅದೇ ಕೆಲಸಕ್ಕೆ ನ್ಯಾಯವಾದ ಸಂಪಾದನೆ. ಅಲ್ಲಿಯವರೆಗೆ ಆ ಪರಿಚಯದವರನ್ನು ಫೆಡರಲ್ ಸರ್ಕಾರದ ವಸತಿ ಇಲಾಖೆ ಹಡ್‌ನ ಮಾನ್ಯತೆ ಪಡೆದ ವಸತಿ ಸಲಹಾ ಕೇಂದ್ರಕ್ಕೆ ಕಳಿಸಿ. ಫೋರ್‌ಕ್ಲೋಷರ್ ತಪ್ಪಿಸುವ ಸಲಹೆ ಅಲ್ಲಿ ಉಚಿತ.

ಪ್ರಶ್ನೆ: ಬ್ಯಾಂಕಿನ ಮಂಜೂರಾತಿ ಪತ್ರ ಬಂತು, ಸಂತೋಷ. ಆದರೆ ನಮ್ಮ 4,000 ಡಾಲರ್ ಸಂಧಾನ ಫೀಸಿನ ಸಾಲನ್ನು ಹೊಡೆದುಹಾಕಿದ್ದಾರೆ. ಕೊಳ್ಳುವವರು ಒಳ್ಳೆಯವರು, "ಕ್ಲೋಸಿಂಗ್ ಆದ ಮೇಲೆ ಬೇರೆಯಾಗಿ ಕೊಡುತ್ತೇವೆ" ಅನ್ನುತ್ತಿದ್ದಾರೆ. ಏನು ತೊಂದರೆ?
— ಓದುಗರು, ಟೆಕ್ಸಸ್

ಉತ್ತರ: ತೊಂದರೆ ದೊಡ್ಡದು. ಆ ಮಂಜೂರಾತಿಯ ಜೊತೆ ಒಂದು ಅಫಿಡವಿಟ್ ಬಂದಿರುತ್ತದೆ, ತೆಗೆದು ಓದಿ. ಮಾರುವವರು, ಕೊಳ್ಳುವವರು, ಇಬ್ಬರು ಏಜೆಂಟರು ಎಲ್ಲರೂ ಸಹಿ ಹಾಕುವ ಕಾಗದ ಅದು. ಬ್ಯಾಂಕಿಗೆ ತಿಳಿಸದ ಒಪ್ಪಂದವಾಗಲಿ ಪಾವತಿಯಾಗಲಿ ಯಾವುದೂ ಇಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಹೊರಗಿನಿಂದ 4,000 ಪಡೆಯುವ ಮಾತಾಗಿದ್ದೂ ಸಹಿ ಹಾಕಿದರೆ ಅದು ಬ್ಯಾಂಕಿಗೆ ಸುಳ್ಳು ಹೇಳಿಕೆ ಕೊಟ್ಟಂತೆ. ಫೆಡರಲ್ ಕಾನೂನಿನಲ್ಲಿ ಇದಕ್ಕೆ ಗರಿಷ್ಠ ಶಿಕ್ಷೆ 30 ವರ್ಷ ಸೆರೆ, 10 ಲಕ್ಷ ಡಾಲರ್ ದಂಡ. 4,000ಕ್ಕಾಗಿ ಆ ಒಳ್ಳೆಯ ಕೊಳ್ಳುವವರನ್ನೂ ಸಿಕ್ಕಿಸಿದಂತಾಗುತ್ತದೆ.

ಸರಿಯಾದ ದಾರಿ ಇನ್ನೂ ತೆರೆದಿದೆ. ಬ್ಯಾಂಕ್ ಹೊಡೆದದ್ದು ಮಾರುವವರ ಕಡೆಯ ಸಾಲನ್ನು. ಕೊಳ್ಳುವವರು ಕೊಡಲು ನಿಜವಾಗಿಯೂ ಒಪ್ಪಿದ್ದರೆ ಒಪ್ಪಂದಕ್ಕೆ ತಿದ್ದುಪಡಿ ಬರೆಯಿಸಿ, ಯಾರು ಯಾರಿಗೆ ಎಷ್ಟು ಏತಕ್ಕೆ ಎಂದು ನಮೂದಿಸಿ, ಫೀಸನ್ನು ಕೊಳ್ಳುವವರ ಕಾಲಮ್ಮಿಗೆ ವರ್ಗಾಯಿಸಿದ ಹೊಸ ಸೆಟಲ್‌ಮೆಂಟ್ (ಜಮಾಖರ್ಚಿನ) ಹಾಳೆಯನ್ನು ಬ್ಯಾಂಕಿಗೆ ಮತ್ತೆ ಕಳಿಸಿ. ಬ್ಯಾಂಕಿನ ನಿವ್ವಳ ಮೊತ್ತ ಒಂದು ಡಾಲರೂ ಬದಲಾಗಿಲ್ಲ ಎಂದು ಅದರ ಜೊತೆಗಿನ ಪತ್ರದ ಮೊದಲ ಸಾಲಿನಲ್ಲೇ ಹೇಳಿ. ಕೆಲವು ಬ್ಯಾಂಕುಗಳು ಒಪ್ಪುತ್ತವೆ. "ಅವರ ಹತ್ತಿರ ಇನ್ನೂ 4,000 ಇದ್ದರೆ ಅದು ನಮಗೆ ಬರಲಿ" ಎನ್ನುವವೂ ಇವೆ, ಅದಕ್ಕೂ ತಯಾರಿರಿ. ಒಪ್ಪದಿದ್ದರೆ ಲಿಸ್ಟಿಂಗ್ ಕಮಿಷನ್‌ನಲ್ಲಿ ಪಾಲು ಕೇಳುವುದೊಂದೇ ಉಳಿದದ್ದು. ಆ ಪಾಲೂ ಸೆಟಲ್‌ಮೆಂಟ್ ಹಾಳೆಯಲ್ಲಿ ಕಾಣಬೇಕು. ಕೆಲವು ಮಂಜೂರಾತಿಗಳು ಕಮಿಷನ್‌ನಿಂದ ಸಂಧಾನಕಾರರಿಗೆ ಕೊಡುವುದನ್ನೂ ತಡೆಯುತ್ತವೆ, ಆದ್ದರಿಂದ ಪತ್ರದ ಆ ಪ್ಯಾರಾ ಓದದೆ ಯಾರಿಗೂ ಮಾತು ಕೊಡಬೇಡಿ.

ಮಂಜೂರಾತಿ ಪತ್ರ ಓದುವುದೂ ಒಂದು ಕೆಲಸವೇ. ಕನಿಷ್ಠ ನಿವ್ವಳ, ಕಮಿಷನ್ ಮಿತಿ, ಎರಡನೇ ಸಾಲದ ಮಿತಿ, ಕೊನೆಯ ದಿನಾಂಕ, ಕೊಳ್ಳುವವರ ಹೆಸರು, ಬಾಕಿ ಉಳಿದ ಸಾಲವನ್ನು ಮನ್ನಾ ಮಾಡುತ್ತಾರೋ ಹಕ್ಕು ಉಳಿಸಿಕೊಳ್ಳುತ್ತಾರೋ ಎಂಬ ವಾಕ್ಯ: ಇವನ್ನು ಕೊನೆಯ ಲೆಕ್ಕದ ಪತ್ರವಾದ ಕ್ಲೋಸಿಂಗ್ ಡಿಸ್‌ಕ್ಲೋಷರ್ ಪಕ್ಕ ಇಟ್ಟುಕೊಂಡು ಬೆರಳಿಟ್ಟು ತಾಳೆ ನೋಡಿ. ಟೈಟಲ್ ಕಂಪನಿಯವರು ಕೊನೇ ಗಳಿಗೆಯಲ್ಲಿ ಸೇರಿಸಿದ 85 ಡಾಲರ್ ಕೊರಿಯರ್ ಖರ್ಚಿನಿಂದ ನಿವ್ವಳ ಕಡಿಮೆಯಾಗಿ ಕ್ಲೋಸಿಂಗ್ ನಿಂತುಹೋಗಬಹುದು. ಅಂಥ ಚಿಲ್ಲರೆ ಖರ್ಚಿಗೆ ಮೊದಲ ಹಾಳೆಯಲ್ಲೇ ಒಂದಿಷ್ಟು ಜಾಗ ಇಟ್ಟಿರಬೇಕು.

ಪ್ರಶ್ನೆ: ವಕೀಲರಾದರೆ ಮುಂಗಡ ತೆಗೆದುಕೊಳ್ಳಬಹುದಂತೆ, ಹೌದೇ?
— ಓದುಗರು, ಇಲಿನಾಯ್

ಉತ್ತರ: ಷರತ್ತಿನ ಮೇಲೆ ಹೌದು. ಮನೆ ಅಥವಾ ಮನೆಯವರು ಇರುವ ರಾಜ್ಯದಲ್ಲಿ ಅವರಿಗೆ ವಕೀಲಿ ಲೈಸೆನ್ಸ್ ಇರಬೇಕು, ಕೆಲಸ ನಿಜವಾದ ವಕೀಲಿಯ ಭಾಗವಾಗಿರಬೇಕು, ರಾಜ್ಯದ ನಿಯಮಗಳನ್ನು ಪಾಲಿಸಬೇಕು, ಮುಂಗಡ ಹಣವನ್ನು ಕಕ್ಷಿದಾರರ ಟ್ರಸ್ಟ್ ಖಾತೆಯಲ್ಲೇ ಇಟ್ಟು ಕೆಲಸ ಆದಂತೆ ತೆಗೆಯಬೇಕು. ವಕೀಲರ ಲೆಟರ್‌ಹೆಡ್ ಬಾಡಿಗೆಗೆ ಪಡೆದು ಹಿಂದೆ ಇನ್ಯಾರೋ ಸಂಧಾನ ನಡೆಸುವ ಏರ್ಪಾಡಿಗೆ ಈ ವಿನಾಯಿತಿ ಇಲ್ಲ.

ಪ್ರಶ್ನೆ: ಎರಡು ಸಾಲ ಇರುವ ಮನೆ. ಮೊದಲ ಬ್ಯಾಂಕ್ ಎರಡನೆಯವರಿಗೆ 6,000ಕ್ಕಿಂತ ಹೆಚ್ಚು ಕೊಡುವುದಿಲ್ಲ ಅನ್ನುತ್ತದೆ, ಎರಡನೆಯವರು 11,000 ಕೇಳುತ್ತಾರೆ. ಕೆಲಸ ಎಳೆಯುತ್ತಲೇ ಇದೆ. ಗಂಟೆ ಲೆಕ್ಕದಲ್ಲಿ ಬಿಲ್ ಮಾಡಿದರೆ ಹೇಗೆ?
— ಓದುಗರು, ಕ್ಯಾಲಿಫೋರ್ನಿಯಾ

ಉತ್ತರ: ಗಂಟೆ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಕ್ಲೋಸಿಂಗ್ ಆಗದೆ ಯಾರೂ ಹಣ ಕೊಡುವುದಿಲ್ಲ. ಹಾಗಾಗಿ ನಿಮ್ಮ ಫೀಸು ಉಳಿಯಬೇಕಾದರೆ ಎಳೆದಾಟವನ್ನೇ ಕಡಿಮೆ ಮಾಡಬೇಕು.

6,000 ಎಂದರೆ ಮೊದಲ ಸಾಲ, ಬ್ಯಾಂಕುಗಳಿಂದ ಮನೆ ಸಾಲಗಳನ್ನು ಕೊಂಡುಕೊಳ್ಳುವ ಫ್ಯಾನಿ ಮೇ ಅಥವಾ ಫ್ರೆಡ್ಡಿ ಮ್ಯಾಕ್‌ದಿರಬಹುದು. ಅವರಲ್ಲಿ ಮೊದಲನೆಯದರ ನಂತರದ ಸಾಲಗಳಿಗೆಲ್ಲ ಸೇರಿ ಮಿತಿಯೇ ಅಷ್ಟು. ಎದುರಿಗಿರುವ ನೌಕರರಿಗೆ ಅದನ್ನು ಹಿಗ್ಗಿಸುವ ಅಧಿಕಾರ ಇಲ್ಲ, ಅವರ ಹತ್ತಿರ ಚೌಕಾಸಿ ಮಾಡುವುದು ಗೋಡೆಗೆ ಹೇಳಿದಂತೆ. ಚೌಕಾಸಿ ಎರಡನೆಯವರ ಹತ್ತಿರ ಮಾಡಿ. ಮನೆ ಹರಾಜಾದರೆ ಅವರಿಗೆ ಸಿಗುವುದು ಸಾಮಾನ್ಯವಾಗಿ ಸೊನ್ನೆ. ಮೊದಲ ಸಾಲದ ಬಾಕಿ, ಬಿಪಿಒ, ಹರಾಜಿನ ದಿನಾಂಕ ಮೂರನ್ನೂ ಒಂದೇ ಪುಟದಲ್ಲಿ ಕಳಿಸಿ, 6,000ವನ್ನು ಸೊನ್ನೆಯ ಪಕ್ಕದಲ್ಲಿ ಇಟ್ಟು ತೋರಿಸಿ. ನಿಮ್ಮ ರಾಜ್ಯದಲ್ಲಿ ಇನ್ನೊಂದು ಬಲವಿದೆ. 2011ರ ಜುಲೈನಲ್ಲಿ ಬಂದ ಎಸ್‌ಬಿ 458 ಎಂಬ ಕಾನೂನಿನ ಪ್ರಕಾರ, ನಾಲ್ಕು ಘಟಕಗಳವರೆಗಿನ ವಾಸದ ಮನೆಯ ಶಾರ್ಟ್ ಸೇಲ್‌ಗೆ ಲಿಖಿತ ಒಪ್ಪಿಗೆ ಕೊಟ್ಟ ಸಾಲದವರು ಉಳಿದ ಬಾಕಿಯನ್ನು ಮನೆಯವರಿಂದ ವಸೂಲಿ ಮಾಡುವಂತಿಲ್ಲ, ಒಪ್ಪಿಗೆಗೆ ಪ್ರತಿಯಾಗಿ ಅವರ ಜೇಬಿನಿಂದ ಹೆಚ್ಚಿನ ಹಣವನ್ನೂ ಕೇಳುವಂತಿಲ್ಲ. ಉಳಿದ 5,000ವನ್ನು ಕೊಳ್ಳುವವರೋ ಏಜೆಂಟರೋ ತುಂಬಿಕೊಡಬೇಕಾಗಿ ಬಂದರೆ ಅದೂ ಮೊದಲ ಬ್ಯಾಂಕಿಗೆ ತಿಳಿದೇ, ಹಾಳೆಯಲ್ಲಿ ಬರೆದೇ ನಡೆಯಬೇಕು. ಫ್ಯಾನಿ-ಫ್ರೆಡ್ಡಿ ಫೈಲ್ ಆದರೆ ಎರಡನೆಯವರಿಗೆ ಹೊರಗಿನಿಂದ ಹೆಚ್ಚು ಕೊಡಬಹುದೇ ಎಂದು ಮೊದಲು ಲಿಖಿತವಾಗಿ ಕೇಳಿಕೊಳ್ಳಿ.

ಫೈಲ್ ಎಳೆಯುವುದಕ್ಕೆ ಬ್ಯಾಂಕ್ ಒಂದೇ ಕಾರಣವಲ್ಲ, ಅರೆಬರೆ ಕಾಗದಗಳೂ ಕಾರಣ. ಮನೆಯವರ ಸಹಿಯುಳ್ಳ ಅಧಿಕಾರ ಪತ್ರ, ಕಷ್ಟದ ಕಾರಣ ವಿವರಿಸುವ ಪತ್ರ, ಎರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್‌ನ ಎಲ್ಲ ಪುಟಗಳು, ಇತ್ತೀಚಿನ ಪೇ ಸ್ಲಿಪ್, ಎರಡು ವರ್ಷದ ತೆರಿಗೆ ರಿಟರ್ನ್, ತೆರಿಗೆ ದಾಖಲೆ ತರಿಸಿಕೊಳ್ಳಲು ಒಪ್ಪಿಗೆಯ ಫಾರ್ಮ್ 4506-ಸಿ, ಲಿಸ್ಟಿಂಗ್ ಒಪ್ಪಂದ, ಖರೀದಿ ಒಪ್ಪಂದ, ಕೊಳ್ಳುವವರ ಸಾಲದ ಪೂರ್ವ ಮಂಜೂರಾತಿ ಅಥವಾ ಹಣದ ಪುರಾವೆ, ಅಂದಾಜು ಸೆಟಲ್‌ಮೆಂಟ್ ಹಾಳೆ. "ಎಲ್ಲ ಪುಟಗಳು" ಎಂದದ್ದು ಸುಮ್ಮನೆ ಅಲ್ಲ. ಸ್ಟೇಟ್‌ಮೆಂಟಿನ ಕೊನೆಯಲ್ಲಿ ಜಾಹೀರಾತಿರುವ ಖಾಲಿ ಪುಟ ಬಿಟ್ಟುಹೋದರೂ "6ರಲ್ಲಿ 5 ಪುಟ" ಎಂದು ಫೈಲ್ ಅಪೂರ್ಣ ಅನ್ನಿಸಿಕೊಳ್ಳುತ್ತದೆ. ಪ್ರತಿ ಪುಟದ ಮೇಲೂ ಸಾಲದ ಸಂಖ್ಯೆ ಬರೆಯಿರಿ.

ಹರಾಜಿನ ದಿನ ಗೊತ್ತಾಗಿದ್ದರೆ ಕ್ಯಾಲೆಂಡರ್‌ನಲ್ಲಿ ಹಿಂದಕ್ಕೆ 37 ದಿನ ಎಣಿಸಿ. ಮನೆಯವರು ತಾವೇ ವಾಸವಿರುವ ಮನೆಯಾದರೆ, ಅದಕ್ಕೂ ಮುಂಚೆ ಪೂರ್ತಿ ಅರ್ಜಿ ತಲುಪಿದಲ್ಲಿ ಸಾಲ ನೋಡಿಕೊಳ್ಳುವ ಸಂಸ್ಥೆ 30 ದಿನದೊಳಗೆ ಪರಿಶೀಲಿಸಬೇಕು, ಅಲ್ಲಿಯವರೆಗೆ ಹರಾಜು ನಡೆಸುವಂತಿಲ್ಲ. 2014ರ ಜನವರಿಯಿಂದ ಇರುವ ಈ ಫೆಡರಲ್ ರಕ್ಷಣೆಯಿಂದ ಚಿಕ್ಕ ಸಂಸ್ಥೆಗಳಿಗೆ ಕೆಲವು ವಿನಾಯಿತಿಗಳಿವೆ. ಟೈಟಲ್ ವರದಿಯನ್ನು ಮೊದಲ ವಾರವೇ ತರಿಸಿ. ಅದರಲ್ಲಿ ಫೆಡರಲ್ ತೆರಿಗೆ ಇಲಾಖೆಯ (ಐಆರ್‌ಎಸ್) ತೆರಿಗೆ ಬಾಕಿಯ ಹಕ್ಕು ಕಂಡರೆ, ಆ ಹಕ್ಕಿನಿಂದ ಮನೆ ಬಿಡಿಸುವ ಫಾರ್ಮ್ 14135ನ್ನು ಕ್ಲೋಸಿಂಗ್‌ಗೆ 45 ದಿನ ಮುಂಚೆ ಹಾಕಬೇಕು. ಬ್ಯಾಂಕಿನ ಮಂಜೂರಾತಿ ಬಂದ ಮೇಲೆ ಇದು ಗೊತ್ತಾದರೆ, ಐಆರ್‌ಎಸ್ ಉತ್ತರ ಬರುವಷ್ಟರಲ್ಲಿ ಮಂಜೂರಾತಿಯ ಗಡುವೇ ಮುಗಿದಿರುತ್ತದೆ. ದುಡಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಪ್ರಶ್ನೆ: ನಾವು ಕೊಳ್ಳುವವರು. ಲಿಸ್ಟಿಂಗ್‌ನಲ್ಲಿ "ಸಂಧಾನಕಾರರ ಫೀಸು 3,500 ಕೊಳ್ಳುವವರದು" ಎಂದಿದೆ. ಕೊಡಲೇಬೇಕೇ?
— ದಂಪತಿ, ನ್ಯೂಜೆರ್ಸಿ

ಉತ್ತರ: ಕೊಡಲೇಬೇಕು ಎನ್ನುವ ಕಾನೂನಿಲ್ಲ, ಅದು ಬೆಲೆಯ ಹಾಗೆ ಮಾತಾಡಿಕೊಳ್ಳುವ ಷರತ್ತು. ಒಪ್ಪುವುದಾದರೆ ಅದನ್ನು ಮನೆಯ ಬೆಲೆಗೆ ಸೇರಿಸಿ ಲೆಕ್ಕ ಹಾಕಿ, ನೀವು ಮುಂದಿಡುವ ಬೆಲೆಯನ್ನು ಅಷ್ಟು ಇಳಿಸಬಹುದೇ ನೋಡಿ. ಒಪ್ಪಂದದಲ್ಲಿ ಬರೆದಿರಲಿ, ಕ್ಲೋಸಿಂಗ್ ಡಿಸ್‌ಕ್ಲೋಷರ್‌ನಲ್ಲಿ ಕಾಣಲಿ, ಕ್ಲೋಸಿಂಗ್ ದಿನಕ್ಕೆ ಮೊದಲು ಒಂದು ಡಾಲರೂ ಕೊಡಬೇಡಿ. ನಿಮಗೆ ಸಾಲ ಕೊಡುವವರಿಗೆ ಮೊದಲೇ ತಿಳಿಸಿ, ಕೆಲವರು ಈ ಫೀಸನ್ನು ಒಪ್ಪುವುದಿಲ್ಲ. ಇನ್ನೊಂದು ಮಾತು: ಹಣ ಕೊಡುವವರು ನೀವಾದರೂ ಆ ಸಂಧಾನಕಾರರು ಮಾರುವವರ ಪರ. ನಿಮ್ಮ ಗುಟ್ಟು, ಇನ್ನೆಷ್ಟು ಕೊಡಬಲ್ಲಿರಿ ಎಂಬ ಲೆಕ್ಕ ಅವರ ಕಿವಿಗೆ ಬೀಳಬಾರದು.

2024ರ ಆಗಸ್ಟ್ 17ರಿಂದ ಬಂದ ಪದ್ಧತಿಯಂತೆ ನಿಮ್ಮ ಏಜೆಂಟ್‌ನ ಫೀಸನ್ನೂ ನೀವು ಬರವಣಿಗೆಯಲ್ಲಿ ಒಪ್ಪಿರುತ್ತೀರಿ. ಮಾರುವವರು ಅದನ್ನು ಭರಿಸಬೇಕು ಎಂದು ಖರೀದಿ ಪ್ರಸ್ತಾಪದಲ್ಲಿ ಕೇಳಿದ್ದರೂ ಶಾರ್ಟ್ ಸೇಲ್‌ನಲ್ಲಿ ಕೊನೆಯ ಮಾತು ಬ್ಯಾಂಕಿನದು. ಅದು ಕಡಿದ ಮೊತ್ತ, ಜೊತೆಗೆ ಈ 3,500, ಎರಡೂ ನಿಮ್ಮ ಮೇಲೆ ಬಿದ್ದರೆ ಕೈಯಲ್ಲಿ ಎಷ್ಟು ನಗದು ಬೇಕಾದೀತು ಎಂದು ಈಗಲೇ ನೋಡಿಕೊಳ್ಳಿ.

ಪ್ರಶ್ನೆ: ಮಂಜೂರಾತಿ ಬಂದ ಮೂರನೇ ದಿನ ಕೊಳ್ಳುವವರು ಹಿಂದೆ ಸರಿದರು. ನಮ್ಮ ಕೆಲಸವೇನೋ ಮುಗಿದಿತ್ತಲ್ಲ, ಫೀಸು ಕೇಳಬಹುದೇ?
— ಓದುಗರು, ಅರಿಜೋನಾ

ಉತ್ತರ: ಕ್ಲೋಸಿಂಗ್ ಆಗದೆ ಬರುವ ಫೀಸು ಇಲ್ಲ, ಸರ್. ಆದರೆ ಫೈಲ್ ಇನ್ನೂ ಜೀವಂತವಾಗಿದೆ, ಕೈಬಿಡಬೇಡಿ. ಬ್ಯಾಂಕಿಗೆ ಅಂದೇ ತಿಳಿಸಿ, ಫೈಲ್ ಮುಚ್ಚದೆ ಹೊಸ ಕೊಳ್ಳುವವರನ್ನು ಸೇರಿಸಲು ಎಷ್ಟು ದಿನ ಕೊಡುತ್ತೀರಿ ಎಂದು ಲಿಖಿತವಾಗಿ ಕೇಳಿ. ಬಿಪಿಒ ಹಳೆಯದಾಗುವ ಮುಂಚೆ ಅದೇ ನಿವ್ವಳ ತರುವ ಇನ್ನೊಂದು ಖರೀದಿ ಪ್ರಸ್ತಾಪ ಬಂದರೆ ಬೇಕಾಗುವುದು ಖರೀದಿ ಒಪ್ಪಂದ, ಕೊಳ್ಳುವವರ ಹಣದ ಪುರಾವೆ, ಹೊಸ ಸೆಟಲ್‌ಮೆಂಟ್ ಹಾಳೆ, ಹೊಸ ಅಫಿಡವಿಟ್. ಮನೆಯವರ ಹಣಕಾಸಿನ ಕಾಗದ 60–90 ದಿನ ಮೀರಿದ್ದರೆ ಅವನ್ನೂ ಹೊಸದಾಗಿ ಕೊಡಬೇಕಾದೀತು. ಲಿಸ್ಟಿಂಗ್ ಬ್ರೋಕರ್ ಜೊತೆಗಿನ ನಿಮ್ಮ ಒಪ್ಪಂದವನ್ನೂ ತೆಗೆದು ನೋಡಿ. ಫೀಸು "ಈ ಕೊಳ್ಳುವವರ" ಖರೀದಿಗೆ ಎಂದಿದ್ದರೆ, ಬದಲಿ ಕೊಳ್ಳುವವರಿಗೂ, ಲಿಸ್ಟಿಂಗ್ ಅವಧಿ ವಿಸ್ತರಿಸಿದರೂ ಅನ್ವಯ ಎಂದು ತಿದ್ದಿ ಇವತ್ತೇ ಸಹಿ ಹಾಕಿಸಿಕೊಳ್ಳಿ.